ಎಡಗೈಯ ಏಳು ದರ್ಜಿಗಳು

"ಅಯ್ಯಯ್ಯೋ, ಆ ಕೈ ಅಲ್ಲ ಕಣೇ!"

ಕತ್ತರಿ ಮಾಮನ ಕಿವಿ ಮಂದವಾಗಿ ಹತ್ತು ವರ್ಷವಾಗಿತ್ತು. ಹಾಗಾಗಿ ಅವರು ಪಿಸುಗುಟ್ಟಿದ್ದು ಇಡೀ ಮನೆಗೆ ಕೇಳಿಸಿತು. ಅಪ್ಪನ ಎಡಗೈ ಹಿಡಿದು ನಡುಬೆರಳಿಗೆ ಹಿತ್ತಾಳೆಯ ಬೆರಳ ಟೋಪಿ ತೊಡಿಸುತ್ತಿದ್ದ ಮಗಳು ಹಾಗೇ ನಿಂತಳು. ಆ ಟೋಪಿಯೂ ಬೆಳಗಿನಿಂದ ಹಟ ಹಿಡಿದಿತ್ತು. ಎರಡು ಸಲ ತೊಡಿಸಿದ್ದಳು, ಎರಡು ಸಲವೂ ಸಡಿಲವಾಗಿ ಜಾರಿ ಮಂಚದ ಕೆಳಗೆ ಉರುಳಿತ್ತು. ಈ ಸಲ ಒಳಗೆ ಚೂರು ಹತ್ತಿ ತುರುಕಿ ನೋಡೋಣ ಅಂದುಕೊಂಡಿದ್ದಳು.

ಐವತ್ತು ವರ್ಷ ಸೂಜಿಯ ಹಿಂಬದಿಯನ್ನು ಒತ್ತಿ ಒತ್ತಿ ಮೈಯೆಲ್ಲ ಗುಳಿಬಿದ್ದ ಟೋಪಿ ಅದು. ಅಂಗಡಿಯ ಏಳು ದರ್ಜಿಗಳಲ್ಲಿ ಯಾರು ಹೋದರೂ ಅವರ ಬೆರಳ ಟೋಪಿ ಬೆರಳಲ್ಲೇ ಹೋಗಬೇಕು ಎಂಬುದು ಅವರವರೇ ಮಾಡಿಕೊಂಡ ಕಟ್ಟಳೆ. ಮೊದಲು ಯಜಮಾನರು ಹೋದರು, ಆಮೇಲೆ ಇನ್ನು ಮೂವರು. ಇವತ್ತು ಅವಳ ಅಪ್ಪ ಕಾಜಣ್ಣನ ಸರದಿ, ಇನ್ನು ಉಳಿದವರು ಕತ್ತರಿ ಮಾಮ, ಪ್ಯಾಂಟು ಮಾಮ ಇಬ್ಬರೇ. ಗುಂಡಿ ತೂರುವ ಕಂಡಿಯ ಸುತ್ತ ನೂಲು ಹೆಣೆದು ಕಾಜಾ ಹಾಕುವುದರಲ್ಲಿ ಅವರನ್ನು ಮೀರಿಸಿದವರು ಇರಲಿಲ್ಲ. ಹೀಗಾಗಿ ಕಾಜಣ್ಣ ಎಂಬ ಹೆಸರೇ ನಿಂತು, ಹೆತ್ತವರು ಇಟ್ಟ ಹೆಸರು ಎಲ್ಲರಿಗೂ ಮರೆತೇ ಹೋಗಿತ್ತು. ಎಂಬತ್ತೊಂದು ವರ್ಷ ಗಟ್ಟಿಮುಟ್ಟಾಗಿದ್ದು, ನಿನ್ನೆ ಮಧ್ಯಾಹ್ನ ಟೀ ಕುಡಿದು ಲೋಟ ಕೆಳಗಿಟ್ಟು, "ಇವತ್ತು ಸಕ್ಕರೆ ಸರಿಯಾಗಿತ್ತು ಪುಟ್ಟಿ" ಅಂದು ಹೊರಟೇಬಿಟ್ಟಿದ್ದರು. ಅಂಥ ಸಾವಿಗೆ ಎಷ್ಟು ಹೊತ್ತು ಅಂತ ಅಳುವುದು? ಬಂದವರೆಲ್ಲ ಕಣ್ಣೊರೆಸಿಕೊಂಡು, ಎರಡು ನಿಮಿಷಕ್ಕೆ ಅವರ ಯಾವುದೋ ತಮಾಷೆ ನೆನೆಸಿಕೊಂಡು ನಗುತ್ತಿದ್ದರು.

"ಯಾವ ಕೈ ಅಲ್ಲ?" ಎಂದು ಮೂಲೆಯ ಕುರ್ಚಿಯಿಂದ ಒಂದು ದನಿ ಬಂತು. ಸಂಗ್ರಹಾಲಯದಿಂದ ಹೂವಿನ ಹಾರವನ್ನೂ ಸಂತಾಪದ ದಪ್ಪ ಪುಸ್ತಕವನ್ನೂ ಹೊತ್ತು ಬಂದಿದ್ದ ಅಧಿಕಾರಿ ಹುಡುಗಿ ಅದು. ಕನ್ನಡಕ ಏರಿಸಿ ನೋಡುತ್ತಿದ್ದಳು.

ಪಕ್ಕದಲ್ಲಿದ್ದ ಪ್ಯಾಂಟು ಮಾಮ ಮೊಣಕೈಯಿಂದ ಕತ್ತರಿ ಮಾಮನ ಪಕ್ಕೆಗೆ ತಿವಿದರು. "ಏನಿಲ್ಲ ಮೇಡಂ. ಇವನಿಗೆ ಎಂಬತ್ತನಾಲ್ಕು. ಎಡ ಯಾವುದು ಬಲ ಯಾವುದು ಗೊತ್ತಾಗಲ್ಲ, ಪಾಪ."

"ಯಾರಿಗೋ ಗೊತ್ತಾಗಲ್ಲ?" ಎಂದು ಕತ್ತರಿ ಮಾಮ ಸಿಡಿದೆದ್ದರು. ಆಮೇಲೆ ಹುಡುಗಿಯ ಮುಖ ಕಂಡು, "ಹೌದು ಹೌದು, ಗೊತ್ತಾಗಲ್ಲ" ಎಂದು ಕೂತರು.

ಮಗಳು ಇಬ್ಬರನ್ನೂ ನೋಡಿದಳು. ಆಮೇಲೆ ಗೋಡೆಯ ಮೇಲಿನ ಚಿತ್ರ ನೋಡಿದಳು. ಆ ಚಿತ್ರ ಯಾರಿಗೆ ಗೊತ್ತಿಲ್ಲ? ಶಾಲೆಯ ಪುಸ್ತಕದಲ್ಲಿದೆ, ಅಂಚೆಚೀಟಿಯಲ್ಲಿದೆ, ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಮೇಲೂ ಇದೆ. ಮೂಲಚಿತ್ರ ಸಂಗ್ರಹಾಲಯದ ದೊಡ್ಡ ಗೋಡೆಯಲ್ಲಿದೆ, ಅದರ ಮುಂದೆ ಜನ ಸಾಲು ನಿಲ್ಲುತ್ತಾರೆ. ಉದ್ದನೆಯ ಮೇಜಿನ ಹಿಂದೆ ಏಳು ಜನ ದರ್ಜಿಗಳು, ಏಳು ಜನರ ಎಡಗೈಯಲ್ಲೂ ಒಂದೊಂದು ಕೆಲಸ. ಒಬ್ಬರ ಎಡಗೈಯಲ್ಲಿ ಕತ್ತರಿ, ಒಬ್ಬರ ಎಡಗೈಯಲ್ಲಿ ಇಸ್ತ್ರಿ. ಮೂರನೆಯವರು ಎಡಗೈಯಲ್ಲಿ ಸೂಜಿ ಎತ್ತಿ ನಗುತ್ತಿದ್ದಾರೆ, ಅವರೇ ಅಪ್ಪ.

ಹನ್ನೆರಡಕ್ಕೆ ಅಪ್ಪನನ್ನು ಒಯ್ಯುವ ಗಾಡಿ ಬರುವುದಿತ್ತು. ಈಗ ಹತ್ತೂವರೆ. ಮಗಳು ಟೋಪಿಯನ್ನು ಮುಷ್ಟಿಯಲ್ಲಿಟ್ಟುಕೊಂಡು, "ಮಾಮ, ಇಬ್ಬರೂ ಸ್ವಲ್ಪ ಅಡಿಗೆಮನೆಗೆ ಬನ್ನಿ. ಟೀ ಕೊಡ್ತೀನಿ" ಅಂದಳು. ಅವಳು ಹಾಗೆ ಮೆತ್ತಗೆ ಮಾತಾಡಿದರೆ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

*

ಅವಳಿಗೆ ಆರು ವರ್ಷವಾಗಿದ್ದಾಗ ಶಾಲೆಯ ಮೊದಲ ವಾರದಲ್ಲೇ ಟೀಚರು ಅವಳ ಎಡಗೈಯಿಂದ ಪೆನ್ಸಿಲ್ ಕಿತ್ತು ಬಲಗೈಗೆ ಕೊಟ್ಟಿದ್ದರು. ಅವಳು ಮತ್ತೆ ಎಡಗೈಗೆ ತೆಗೆದುಕೊಂಡಳು. ಅವರು ಮತ್ತೆ ಕಿತ್ತರು. ಮಕ್ಕಳೆಲ್ಲ "ಎಡಚಿ, ಎಡಚಿ" ಎಂದು ರಾಗ ಎಳೆದರು. ಮನೆಗೆ ಬಂದರೆ ಅತ್ತೆಯದೂ ಅದೇ ರಾಗ, "ನಮ್ಮ ಮನೇಲಿ ಯಾರೂ ಹೀಗಿಲ್ಲಪ್ಪ, ಇವಳೆಲ್ಲಿಂದ ಬಂದ್ಲೋ." ಅವಳು ಮಂಚದ ಕೆಳಗೆ ಸೇರಿಕೊಂಡು ಊಟಕ್ಕೂ ಬರಲಿಲ್ಲ.

ಕಾಜಣ್ಣ ಅಂಗಡಿಯಿಂದ ಬಂದವರು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಮಂಚದ ಕೆಳಗೆ ಇಣುಕಿದರು.

"ಏನೇ ಪುಟ್ಟಿ, ಯಾರೂ ಹೀಗಿಲ್ಲ ಅಂದೋರು ಯಾರು? ನಾನಿಲ್ವಾ? ನಾನೂ ಎಡಚನೇ ಅಲ್ವಾ?"

"ಸುಳ್ಳು."

"ಸುಳ್ಳಾ? ಬಾ ತೋರಿಸ್ತೀನಿ."

ಆಗ ಆ ಚಿತ್ರ ಇನ್ನೂ ಪುರಭವನದ ಗೋಡೆಯ ಮೇಲಿತ್ತು. ಕಾಜಣ್ಣ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದರು. ಅವಳು ಬೆರಳಿಟ್ಟು ಎಣಿಸಿದಳು, ಏಳೂ ಎಡಗೈ. ಮೂರನೆಯದು ಅಪ್ಪನದು. ಅವಳು ಹಿಗ್ಗಿ ಹೀರೇಕಾಯಿಯಾದಳು. ಮಾರನೆಯ ದಿನ ತರಗತಿಯಲ್ಲಿ ಎದ್ದು ನಿಂತು, "ಟೀಚರ್, ನಾವು ವಂಶಪಾರಂಪರ್ಯವಾಗಿ ಎಡಗೈಯವರು. ಬೇಕಾದ್ರೆ ಪುರಭವನಕ್ಕೆ ಹೋಗಿ ನೋಡ್ಕೊಂಡು ಬನ್ನಿ" ಅಂದಳು. ಟೀಚರು ಹೋಗಿ ನೋಡಿಕೊಂಡೇ ಬಂದರು. ಆಮೇಲೆ ಯಾರೂ ಅವಳ ಪೆನ್ಸಿಲ್ ಕಿತ್ತುಕೊಳ್ಳಲಿಲ್ಲ.

ಆ ಸಂಜೆ ಅಪ್ಪ ಎರಡು ಕಾಪಿ ಪುಸ್ತಕ ತಂದರು, ಅವಳಿಗೊಂದು, ತನಗೊಂದು.

"ನಂಗೆ ಅಕ್ಷರ ಚೆನ್ನಾಗಿ ಬರಲ್ಲ ಪುಟ್ಟಿ. ನೀನು ಕಲಿತಿದ್ದನ್ನ ನಂಗೂ ಹೇಳ್ಕೊಡು."

ಚಾಪೆಯ ಮೇಲೆ ಅಪ್ಪ ಮಗಳು ಪಕ್ಕಪಕ್ಕ ಕೂತು ಎಡಗೈಯಲ್ಲಿ ಅ ಆ ಇ ಈ ತಿದ್ದಿದರು. ಅವಳದು ಒಂದು ತಿಂಗಳಿಗೆ ಮುದ್ದಾಗಿ ಕೂತಿತು. ಅಪ್ಪನದು ಮಾತ್ರ ಕಾಗೆಕಾಲು, ಗುಬ್ಬಿಕಾಲು. ಅದರಲ್ಲೂ ಅ ಬರೆದರೆ ಅದರ ಹೊಟ್ಟೆ ಗೆರೆ ದಾಟಿ ಕೆಳಗೆ ಜೋತುಬೀಳುತ್ತಿತ್ತು.

"ಅಪ್ಪಾ! ನಿನ್ನ ಅ ಮತ್ತೆ ಜಾಸ್ತಿ ಊಟ ಮಾಡಿದೆ!"

"ಹೌದಲ್ಲೇ! ನಾಳೆಯಿಂದ ಉಪವಾಸ ಹಾಕ್ತೀನಿ ಅದಕ್ಕೆ."

ಅಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಅಷ್ಟು ನಗುವಂಥದ್ದೇನಿದೆ ಎಂದು ಮಗಳಿಗೆ ಆಗ ಅನಿಸಿತ್ತು. ಅಪ್ಪನಂಥ ದೊಡ್ಡ ಮನುಷ್ಯನಿಗೆ ತಾನು ಪಾಠ ಹೇಳುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ಅವಳು ಅಕ್ಷರವನ್ನೇ ಹಿಡಿದು ಕೂತಳು, ಅದೇ ಅವಳ ಕಸುಬಾಯಿತು. ಇವತ್ತು ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವಳು ಅವಳು. ಮೆಷಿನ್ ಬೋರ್ಡು ಬಂದ ಮೇಲೂ ಅವಳ ಅಕ್ಷರವೇ ಬೇಕು ಎಂದು ಹುಡುಕಿಕೊಂಡು ಬರುವವರಿದ್ದಾರೆ. ಯಾರಾದರೂ ಹೊಗಳಿದರೆ ಅವಳು ಎಡಗೈ ಎತ್ತಿ ತೋರಿಸಿ, "ಇದು ನಮ್ಮಪ್ಪ ಕೊಟ್ಟಿದ್ದು" ಅನ್ನುತ್ತಿದ್ದಳು.

*

"ಹೇಳಿ ಮಾಮ. ಯಾಕೆ ಆ ಕೈ ಅಲ್ಲ?"

ಅಡಿಗೆಮನೆಯ ಕಟ್ಟೆಗೆ ಒರಗಿ ಇಬ್ಬರು ಮುದುಕರೂ ಕೈಯಲ್ಲಿ ಲೋಟ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕತ್ತರಿ ಮುಟ್ಟಿ ಆಣೆ ಮಾಡಿದ್ದೀವಿ ಮಗಾ" ಎಂದರು ಪ್ಯಾಂಟು ಮಾಮ.

"ಯಾರ ಮುಂದೆ?"

"ಯಜಮಾನರ ಮುಂದೆ."

"ಅವರು ಹೋಗಿ ಮೂವತ್ತು ವರ್ಷ ಆಯ್ತು. ಗಾಡಿ ಬರೋಕೆ ಒಂದೂವರೆ ಗಂಟೆನೂ ಇಲ್ಲ. ಅಪ್ಪ ನನ್ನ ಹತ್ರ ಕೇಳಿದ್ದು ಇದೊಂದೇ, ಟೋಪಿ ಬೆರಳಲ್ಲಿರಲಿ ಅಂತ. ತಪ್ಪು ಬೆರಳಿಗೆ ಹಾಕಿ ಕಳಿಸಿದ್ರೆ ನಂಗೆ ಜನ್ಮದಲ್ಲಿ ನೆಮ್ಮದಿ ಇರಲ್ಲ."

ಪ್ಯಾಂಟು ಮಾಮ ಬಾಯಿ ತೆರೆಯುವಷ್ಟರಲ್ಲಿ ಅಧಿಕಾರಿ ಹುಡುಗಿ ಬಾಗಿಲಲ್ಲಿ ತಲೆ ಹಾಕಿದಳು. "ಸ್ವಲ್ಪ ನೀರು ಸಿಗುತ್ತಾ ಮೇಡಂ?"

ಆಗ ಮಗಳು ಅದನ್ನು ಕಂಡಳು. ಇಬ್ಬರು ಮಾಮಂದಿರ ಬಲಗೈಯಲ್ಲಿದ್ದ ಲೋಟಗಳು ಕಣ್ಣು ಮಿಟುಕಿಸುವುದರೊಳಗೆ ಎಡಗೈಗೆ ದಾಟಿದವು. ಕತ್ತರಿ ಮಾಮನ ಟೀ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಹುಡುಗಿ ನೀರು ಕುಡಿದು ಆಚೆ ಹೋದಳು. ಲೋಟಗಳು ಸದ್ದಿಲ್ಲದೆ ಬಲಗೈಗೆ ಮರಳಿದವು.

"ಮಾಮ!"

"ಐವತ್ತನಾಲ್ಕು ವರ್ಷದ ಅಭ್ಯಾಸ ಕಣೇ" ಎಂದು ಕತ್ತರಿ ಮಾಮ ಅಂಗಿ ಒರೆಸಿಕೊಂಡರು. ಪ್ಯಾಂಟು ಮಾಮನಿಗೆ ನಗು ತಡೆಯಲಾಗಲಿಲ್ಲ. ಅವರು ನಗಲು ಶುರುಮಾಡಿದ್ದೇ ಕೆರೆಕಟ್ಟೆ ಒಡೆದ ಹಾಗಾಯಿತು, ಆಣೆ ಗೀಣೆ ಎಲ್ಲ ಕೊಚ್ಚಿಕೊಂಡು ಹೋಯಿತು.

*

ಅವರ ಅಂಗಡಿ ರೈಲಿನ ಡಬ್ಬಿಯಷ್ಟೇ ಅಗಲ. ಒಂದು ಗೋಡೆಯ ಉದ್ದಕ್ಕೂ ಕನ್ನಡಿ, ಗಿರಾಕಿಗಳು ಕೋಟು ತೊಟ್ಟು ನೋಡಿಕೊಳ್ಳಲಿ ಎಂದು. ಕನ್ನಡಿಗೆ ಹೊಂದಿಕೊಂಡೇ ಉದ್ದನೆಯ ಮೇಜು. ಏಳೂ ಜನ ಅದರ ಈಚೆ ಸಾಲಾಗಿ ಕೂತು, ದಿನವಿಡೀ ತಮ್ಮ ತಮ್ಮ ಮುಖ ನೋಡಿಕೊಂಡೇ ಹೊಲಿಯುತ್ತಿದ್ದರು.

ಒಂದು ಮಧ್ಯಾಹ್ನ ಹರಿದ ಕೋಟು ಹಿಡಿದು ಬಂದ ಯುವ ಚಿತ್ರಕಾರ ಬಾಗಿಲಲ್ಲೇ ನಿಂತುಬಿಟ್ಟ. "ನಿಮ್ಮನ್ನೆಲ್ಲ ಬರೀತೀನಿ" ಅಂದ. ಯಜಮಾನರು, "ಬರ್ಕೊ, ಆದ್ರೆ ಕೆಲಸ ನಿಲ್ಲಿಸಲ್ಲ, ತಿರುಗಿ ಕೂರೋದೂ ಇಲ್ಲ" ಅಂದರು. ಅವನು ಅವರ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು, ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದ. ಕನ್ನಡಿಯ ಚೌಕಟ್ಟು ಬರೆಯಲಿಲ್ಲ, ತನ್ನನ್ನೂ ಬರೆದುಕೊಳ್ಳಲಿಲ್ಲ. ಎರಡು ತಿಂಗಳು ಯಾರಿಗೂ ತೋರಿಸದೆ ಬಟ್ಟೆ ಮುಚ್ಚಿಟ್ಟ.

ಪುರಭವನದಲ್ಲಿ ಪರದೆ ಸರಿಸಿದ ದಿನ ಏಳೂ ಜನ ಮುಂದಿನ ಸಾಲಿನಲ್ಲಿದ್ದರು. ಒಬ್ಬರಿಗೂ ಏನೂ ತಪ್ಪು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅವರು ಅಂಗಡಿ ಸೇರಿದಾಗಿನಿಂದ ತಮ್ಮನ್ನು ನೋಡಿಕೊಂಡದ್ದೇ ಆ ಕನ್ನಡಿಯಲ್ಲಿ. ಕತ್ತರಿಯವನು, "ನನ್ನ ಮೂಗು ಇಷ್ಟುದ್ದ ಇದೆಯೇನೋ" ಎಂದು ಗೊಣಗಿದ, ಅಷ್ಟೇ.

ಊರಿನ ಮುಖ್ಯಾಧಿಕಾರಿ ಮಾತ್ರ ಚಿತ್ರದ ಹತ್ತಿರ ಹೋಗಿ ನೋಡಿ, ಎಲ್ಲರಿಗೂ ಕೇಳುವಂತೆ ಉದ್ಗರಿಸಿದರು. "ಅಬ್ಬಬ್ಬಾ! ಏಳು ಜನರೂ ಎಡಗೈಯವರೇ?"

ಯಜಮಾನರಿಗೆ ದೊಡ್ಡವರ ಮಾತಿಗೆ ಇಲ್ಲ ಅಂದು ಅಭ್ಯಾಸವೇ ಇರಲಿಲ್ಲ. "ಹೌದು ಸ್ವಾಮಿ" ಅಂದುಬಿಟ್ಟರು.

"ನಾನು ಸೋಮವಾರ ಪತ್ರಿಕೆಯವರನ್ನು ಕರ್ಕೊಂಡು ನಿಮ್ಮ ಅಂಗಡಿಗೇ ಬರ್ತೀನಿ!"

ಶನಿವಾರ ಬೆಳಗ್ಗೆ ಅಂಗಡಿಯಲ್ಲಿ ಏಳು ಜನ ತಲೆ ಮೇಲೆ ಕೈಹೊತ್ತು ಕೂತಿದ್ದರು. ಚಿತ್ರಕಾರನನ್ನು ಕೇಳಿದರೆ "ಕನ್ನಡಿಯಲ್ಲಿ ಕಂಡದ್ದು ಬರೆದೆ, ಅದ್ರಲ್ಲಿ ಬಲಗೈ ಎಡಗೈಯಾಗಿ ಕಂಡ್ರೆ ನಾನೇನ್ ಮಾಡ್ಲಿ" ಅಂದ. ಅಷ್ಟರಲ್ಲಿ ಇನ್ನೊಂದು ಗ್ರಹಚಾರ ಕಣ್ಣಿಗೆ ಬಿತ್ತು. ಚಿತ್ರದಲ್ಲಿ ಏಳೂ ಜನರ ಕೋಟಿನ ಗುಂಡಿ ಅತ್ತಲದು ಇತ್ತಲಾಗಿತ್ತು. ದರ್ಜಿಗಳ ಕೋಟಿಗೇ ಗುಂಡಿ ತಪ್ಪಿದರೆ ಊರು ಸುಮ್ಮನಿರುತ್ತದೆಯೇ?

"ಚಿತ್ರ ತಿದ್ದೋಕಾಗಲ್ಲ ತಾನೆ?" ಎಂದರು ಕಾಜಣ್ಣ. "ಹಾಗಾದ್ರೆ ನಮ್ಮನ್ನೇ ತಿದ್ಕೊಳ್ಳೋಣ. ಕೋಟು ಬಿಚ್ಚಿ."

ಎರಡು ಹಗಲು ಕೂತು ಕಾಜಣ್ಣ ಏಳು ಕೋಟಿನ ಹಳೆಯ ಕಾಜಾಗಳನ್ನು ಗುರುತೇ ಸಿಗದ ಹಾಗೆ ಹೆಣೆದು ಮುಚ್ಚಿದರು, ಇನ್ನೊಂದು ಬದಿಗೆ ಹೊಸ ಕಾಜಾ ಹಾಕಿದರು. ಉಳಿದವರು ಎಡಗೈಯಲ್ಲಿ ಸೂಜಿ ಪೋಣಿಸಲು ಕಲಿಯುತ್ತಾ ಬೆರಳಿಗೆಲ್ಲ ಚುಚ್ಚಿಕೊಂಡರು. ಸೋಮವಾರ ಮುಖ್ಯಾಧಿಕಾರಿಗಳ ಎದುರಿಗೇ, ಅವರದೇ ಕೋಟಿನ ಬಟ್ಟೆಯನ್ನು ಕತ್ತರಿಯವನು ಎಡಗೈಯಲ್ಲಿ ಕತ್ತರಿಸಿದ. ಕಾಲರು ಒಂದು ಕಡೆ ಎರಡಿಂಚು ಉದ್ದವಾಯಿತು. ಯಜಮಾನರು ಬೆವೆತುಹೋದರು. ಕಾಜಣ್ಣ ಮಾತ್ರ ಮುಖದಲ್ಲಿ ಒಂದು ಗೆರೆಯೂ ಅಲುಗದೆ, "ಇದು ಹೊಸ ಮಾದರಿ ಸ್ವಾಮಿ, ಓರೆ ಕಾಲರು" ಅಂದರು. ಎರಡು ವರ್ಷ ಊರ ತುಂಬ ಓರೆ ಕಾಲರಿನ ಕೋಟೇ ಓಡಾಡಿತು.

ಆ ಸಂಜೆ ಯಜಮಾನರು ಬಾಗಿಲು ಹಾಕಿ, ದೊಡ್ಡ ಕತ್ತರಿಯನ್ನು ಮೇಜಿನ ಮೇಲಿಟ್ಟು ಎಲ್ಲರಿಂದಲೂ ಆಣೆ ಮಾಡಿಸಿದರು. ಹೊರಗಿನವರ ಮುಂದೆ ಎಡಗೈ, ಬಾಗಿಲು ಹಾಕಿದ ಮೇಲೆ ಬಲಗೈ.

*

ಮಗಳು ಮೊದಮೊದಲು ಅವರ ಜೊತೆ ನಕ್ಕಿದ್ದಳು. ಓರೆ ಕಾಲರಿನ ಹೊತ್ತಿಗಂತೂ ಕಣ್ಣಲ್ಲಿ ನೀರು ಬಂದಿತ್ತು. ಕೊನೆಗೆ ಬರುತ್ತಾ ಅವಳ ನಗು ನಿಂತಿತು.

"ಹಾಗಾದ್ರೆ ಅಪ್ಪ ಎಡಗೈಯವರೇ ಅಲ್ಲ."

"ಅಲ್ಲವೇ ಅಲ್ಲ. ಅವನ ಬಲಗೈಗೆ ಸಮ ಇನ್ನೊಂದು ಬಲಗೈ ಇರಲಿಲ್ಲ" ಎಂದರು ಕತ್ತರಿ ಮಾಮ ಹೆಮ್ಮೆಯಿಂದ.

ಐವತ್ತು ವರ್ಷದ ಬದುಕನ್ನು ಅವಳು ಆ ಒಂದು ಕೈಯ ಮೇಲೆ ಕಟ್ಟಿಕೊಂಡಿದ್ದಳು. ಮೂಗು ಅಮ್ಮನದು, ಬಣ್ಣ ಅತ್ತೆಯದು. ಅಪ್ಪನಿಂದ ಬಂದದ್ದು ಅಂತ ಅವಳಲ್ಲಿದ್ದುದು ಅದೊಂದೇ. ಈಗ ಅದೂ ಇಲ್ಲ ಅಂದರೆ? ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂತು, ಸತ್ತವರ ಮೇಲೆ ಬರುವ, ಎಲ್ಲೂ ಹಾಕಲಾಗದ ಸಿಟ್ಟು.

"ಆದ್ರೆ ಮಾಮ, ಅಪ್ಪ ಬರೀತಿದ್ದಿದ್ದು ಎಡಗೈಲಿ, ಚಮಚ ಹಿಡೀತಿದ್ದಿದ್ದು ಎಡಗೈಲಿ. ಹಲ್ಲು ಉಜ್ಜೋದೂ ಎಡಗೈಲೇ."

"ಎಲ್ಲಿ?"

"ಇಲ್ಲೇ, ಮನೇಲಿ."

ಪ್ಯಾಂಟು ಮಾಮ ಹುಬ್ಬು ಗಂಟಿಕ್ಕಿದರು. "ಮನೇಲಾ? ಮನೇಲಿ ಯಾಕೆ? ನಾವು ಯಾರೂ ಮನೇಲಿ ಈ ನಾಟಕ ಆಡಿಲ್ವಲ್ಲ. ಮನೇಲಿ ನೋಡೋಕೆ ಯಾರಿದ್ರು?"

"ನಾನಿದ್ದೆ" ಎಂದಳು ಮಗಳು.

ಹೇಳಿದ ಮೇಲೆ ಅವಳ ಮಾತು ಅವಳಿಗೇ ಕೇಳಿಸಿತು.

ಪ್ಯಾಂಟು ಮಾಮ ನಿಧಾನವಾಗಿ ತಮ್ಮ ಬಟ್ಟೆಚೀಲದೊಳಗೆ ಕೈಹಾಕಿ ಒಂದು ಹಳೆಯ ಉದ್ದನೆ ಪುಸ್ತಕ ತೆಗೆದರು. "ಇದನ್ನ ನಿನಗೆ ಕೊಡೋಣ ಅಂತಲೇ ತಂದೆ. ಅಂಗಡಿಯ ಅಳತೆ ಪುಸ್ತಕ. ಬರೀತಿದ್ದಿದ್ದೆಲ್ಲ ಅವನೇ."

ಅವಳು ಹಾಳೆ ತಿರುವಿದಳು. ಎದೆ, ಸೊಂಟ, ತೋಳು. ಪಕ್ಕದಲ್ಲಿ ಸಣ್ಣ ಸಣ್ಣ ಷರಾ. 'ಎಡ ಭುಜ ತುಸು ಇಳಿಕೆ, ಹೇಳಬೇಡಿ, ಬೇಜಾರಾಗುತ್ತಾರೆ.' 'ಉಸಿರು ಬಿಗಿಹಿಡಿದು ಅಳತೆ ಕೊಟ್ಟಿದ್ದಾರೆ, ಎರಡಿಂಚು ಸೇರಿಸುವುದು.' ಇದು ಅಪ್ಪನ ಮಾತೇ, ಸಂಶಯವಿಲ್ಲ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಬೋರ್ಡು ಬರೆದು ಬರೆದು ಪಳಗಿದ ಅವಳ ಕಣ್ಣು ಒಂದೊಂದು ತಿರುವನ್ನೂ ನೋಡಿತು. ಅ ನೋಡಿತು. ಅದರ ಹೊಟ್ಟೆ ಎಲ್ಲಿ ತಿರುಗಬೇಕೋ ಅಲ್ಲೇ ತಿರುಗಿ, ಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಇಂಥ ಅ ಅವಳಿಗೂ ಬರುತ್ತಿರಲಿಲ್ಲ.

"ಅಪ್ಪಂಗೆ ಬರೆಯೋದು ನಾನು ಕಲಿಸಿದ್ದು ಮಾಮ" ಎಂದಳು. ಮೊದಲು ನಗು ಬಂತು, ಆಮೇಲೆ ಅಳು, ಆಮೇಲೆ ಎರಡೂ ಒಟ್ಟಿಗೆ. "ವರ್ಷಗಟ್ಟಲೆ ನನ್ನ ಹತ್ರ ಬೈಸಿಕೊಂಡ್ರು. ನಿನ್ನ ಅ ಜಾಸ್ತಿ ಊಟ ಮಾಡಿದೆ ಅಂತಿದ್ದೆ. ನಾಳೆ ಉಪವಾಸ ಹಾಕ್ತೀನಿ ಅಂತಿದ್ರು."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡದ್ದು ಯಾಕೆಂದು ಈಗ ಗೊತ್ತಾಯಿತು. ಊರಿಗೆಲ್ಲ ಕಾಜಾ ಹಾಕುವ ಅಪ್ಪ ಮನೆಯಲ್ಲಿ ಒಂದು ದಿನವೂ ಸೂಜಿ ಮುಟ್ಟದೆ, ಅವಳ ಫ್ರಾಕಿನ ಗುಂಡಿ ಕಿತ್ತುಹೋದರೂ ಅಂಗಡಿಗೇ ಒಯ್ಯುತ್ತಿದ್ದದ್ದು ಯಾಕೆಂದೂ ಗೊತ್ತಾಯಿತು. ಸೂಜಿ ಹಿಡಿದರೆ ಬಲಗೈ ಸುಳ್ಳು ಹೇಳುತ್ತಿರಲಿಲ್ಲ.

"ಐವತ್ತು ವರ್ಷ!" ಎಂದರು ಕತ್ತರಿ ಮಾಮ, ಬೆರಗಾಗಿ. "ನಂಗೆ ಅರ್ಧ ಗಂಟೆ ಲೋಟ ಹಿಡಿಯೋಕೆ ಆಗಲ್ಲ. ಕಳ್ಳ! ನಮಗೂ ಹೇಳಿಲ್ಲ ನೋಡು!"

*

ನಡುಮನೆಯಲ್ಲಿ ಬೆಳಕು ಚೆನ್ನಾಗಿ ಬಿದ್ದಿತ್ತು. ಮಗಳು ಅಪ್ಪನ ಬಲಗೈ ಎತ್ತಿಕೊಂಡಳು. ನಡುಬೆರಳ ತುದಿಯ ಸುತ್ತ ಉಂಗುರದಂತೆ ಸವೆದ ಗುರುತು. ಇಷ್ಟು ವರ್ಷ ಅದನ್ನು ನೋಡದೆ ಹೇಗೆ ಇದ್ದೆ ಎಂದು ಅವಳಿಗೆ ತನ್ನ ಮೇಲೇ ನಗು ಬಂತು. ಟೋಪಿಯನ್ನು ಇಟ್ಟಳು ಅಷ್ಟೇ, ಅದು ತನ್ನ ಜಾಗಕ್ಕೆ ತಾನೇ ಹೋಗಿ ಕೂತಿತು. ಅಧಿಕಾರಿ ಹುಡುಗಿ ಎದ್ದು ಹತ್ತಿರ ಬರುವಷ್ಟರಲ್ಲಿ ಅವಳು ಅಪ್ಪನ ಎಡಗೈಯನ್ನು ಬಲಗೈಯ ಮೇಲೆ ಮೆಲ್ಲಗೆ ಹೊದಿಸಿಬಿಟ್ಟಳು.

"ಅಂತೂ ಸರಿಹೋಯ್ತಾ ಮೇಡಂ?"

"ಹೋಯ್ತು."

"ನಾನು ಈ ಚಿತ್ರದ ಮೇಲೆ ಇನ್ನೂರು ಪುಟ ಬರೆದಿದ್ದೀನಿ" ಎಂದಳು ಹುಡುಗಿ, ಕಣ್ಣರಳಿಸಿ. "ಎಡಗೈಯ ಏಳು ಜನ ಒಂದೇ ಅಂಗಡೀಲಿ ಹೇಗೆ ಸೇರಿದ್ರು ಅಂತ. ಏಳನೇ ಅಧ್ಯಾಯ ಪೂರ್ತಿ ನಿಮ್ಮ ತಂದೆ ಬಗ್ಗೆ."

ಹಿಂದಿನಿಂದ ಪ್ಯಾಂಟು ಮಾಮ ಜೋರಾಗಿ ಕೆಮ್ಮಿದರು. ಮಗಳು ಆ ಹುಡುಗಿಯ ಉತ್ಸಾಹದ ಮುಖ ನೋಡಿದಳು, ಗೋಡೆಯ ಮೇಲೆ ಸೂಜಿ ಎತ್ತಿ ನಗುತ್ತಿದ್ದ ಅಪ್ಪನನ್ನು ನೋಡಿದಳು.

"ಚೆನ್ನಾಗಿ ಬರೀರಿ" ಎಂದಳು. "ಅವರ ಎಡಗೈ ಬಗ್ಗೆ ಎಷ್ಟು ಬರೆದ್ರೂ ಕಮ್ಮಿನೇ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಹುಡುಗಿ ಸಂತಾಪದ ಪುಸ್ತಕ ಬಿಚ್ಚಿ ಮೇಜಿನ ಮೇಲಿಟ್ಟು, ಪೆನ್ನು ಮುಂದೆ ಚಾಚಿದಳು. ಮೊದಲು ಕತ್ತರಿ ಮಾಮ ಎಡಗೈಯಲ್ಲಿ, ನಾಲಿಗೆ ಹೊರಗೆ ಚಾಚಿಕೊಂಡು ಸಹಿ ಗೀಚಿದರು. ಆಮೇಲೆ ಪ್ಯಾಂಟು ಮಾಮ, ಅವರೂ ಎಡಗೈಯಲ್ಲೇ. ಆಣೆ ಅಂದರೆ ಆಣೆ.

ಮಗಳು ಪೆನ್ನು ತೆಗೆದುಕೊಂಡಳು. ಒಂದು ಕ್ಷಣ ಅದನ್ನು ಎಡಗೈಯಲ್ಲಿ ಹಿಡಿದು ನಿಂತಳು. ಆಮೇಲೆ ಬಲಗೈಗೆ ದಾಟಿಸಿದಳು.

ಎರಡೇ ಅಕ್ಷರ. ಊರಿನ ಅರ್ಧ ಬೋರ್ಡು ಬರೆದವಳಿಗೆ ಆ ಎರಡು ಅಕ್ಷರಕ್ಕೆ ಬೆವರೊಡೆಯಿತು. ಪೆನ್ನು ಹೇಳಿದ ಮಾತು ಕೇಳಲಿಲ್ಲ, ಗೆರೆ ನಡುಗಿತು, ತಿರುವು ತಪ್ಪಿತು. ಬಾಗಿಲಲ್ಲಿ ಜನ ಕಾಯುತ್ತಿದ್ದರು. ಅವಳು ಅವಸರ ಮಾಡಲಿಲ್ಲ, ಕೊನೆಯ ಒತ್ತಕ್ಷರದವರೆಗೂ ಬಗ್ಗಿ ನಿಂತು ಬರೆದು ಮುಗಿಸಿದಳು.

ಹಾಳೆಯ ಮೇಲೆ 'ಅಪ್ಪ' ಎಂದಿತ್ತು, ಕಾಗೆಕಾಲು ಗುಬ್ಬಿಕಾಲಾಗಿ. ಅ ಅಕ್ಷರದ ಹೊಟ್ಟೆ ಗೆರೆ ದಾಟಿ ಕೆಳಗೆ ಜೋತುಬಿದ್ದಿತ್ತು.